ಪ್ಯಾನೆಲ್ ಬಾಗಿಲ ಒಳಬದಿ

ಮಾರ್ಚ್ 3, ಸೋಮವಾರ

ಒಂಬತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಮೊದಲ ಫೋನ್. ಬಟ್ಟೆ ಮಳಿಗೆಯ ಲಿಫ್ಟ್ ಎರಡನೇ ಮಹಡಿಯಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದೆಯಂತೆ. ಪುಸ್ತಕದಲ್ಲಿ ಬರೆದುಕೊಂಡೆ, ಮೆಕ್ಯಾನಿಕ್ಕಿಗೆ ತಿಳಿಸಿದೆ. ಎರಡನೆಯದು ಬ್ಯಾಂಕಿನವರು — ಗುಂಡಿ ಒತ್ತಿದರೆ ದೀಪ ಬರುತ್ತದೆ, ಲಿಫ್ಟ್ ಬರುವುದಿಲ್ಲ. ಮೂರನೆಯದು ಯಾರೋ ಅಜ್ಜಿ. "ಲಿಫ್ಟ್ ಚೆನ್ನಾಗಿದೆಯಮ್ಮ, ಸುಮ್ಮನೆ ಹೇಳೋಣ ಅಂತ ಮಾಡಿದೆ." ಈ ಕುರ್ಚಿಯಲ್ಲಿ ಹದಿನಾರು ವರ್ಷ. ಇಂಥ ಫೋನ್ ಇದೇ ಮೊದಲು. ಅದನ್ನೂ ಬರೆದೆ. ದೂರು — ಇಲ್ಲ.

ಹತ್ತೂವರೆಗೆ ಎಲ್ಲರನ್ನೂ ಮೇಲಿನ ಹಾಲ್‌ಗೆ ಕರೆದರು. ಹನ್ನೊಂದು ಮೆಕ್ಯಾನಿಕ್‌ಗಳು, ಮ್ಯಾನೇಜರ್, ನಾನು. ಹೆಡ್ ಆಫೀಸಿನಿಂದ ಒಬ್ಬ ಮೇಡಂ ಬಂದಿದ್ದಾರೆ. ಪರದೆ ತುಂಬ ಬಾಣ, ವೃತ್ತ, ಮೆಟ್ಟಿಲು. ಕಂಪನಿಯ ಡಿಜಿಟಲ್ ಟ್ರಾನ್ಸ್‌ಫರ್ಮೇಶನ್ ಸ್ಟ್ರಾಟಜಿಯಂತೆ. ಮೊದಲು ನಮ್ಮ ಬ್ರಾಂಚಿನಲ್ಲಿ ಮಾಡಿ ನೋಡುತ್ತಾರೆ, ಮೇ ಕೊನೆಯವರೆಗೆ. ಇನ್ನು ಕಾಗದ ಇಲ್ಲ, ಲಾಗ್‌ಬುಕ್ ಇಲ್ಲ. ಎಲ್ಲ ಮೊಬೈಲಿನಲ್ಲಿ. ಪ್ರತಿ ಲಿಫ್ಟಿನ ಕಂಟ್ರೋಲ್ ಪ್ಯಾನೆಲ್ — ಮಷೀನ್ ರೂಮಿನಲ್ಲಿರುವ ಆ ಕಬ್ಬಿಣದ ಬೀರು — ಅದರ ಬಾಗಿಲಿಗೆ ಒಳಗೂ ಹೊರಗೂ ಬೂದು ಬಣ್ಣ ಹೊಡೆದು ಒಂದು ಚೌಕ ಸ್ಟಿಕ್ಕರ್ ಅಂಟಿಸುತ್ತಾರೆ. ಮೊಬೈಲ್ ಹಿಡಿದರೆ ಆ ಲಿಫ್ಟಿನ ಜಾತಕ ಪೂರ್ತಿ ಬರುತ್ತದೆ.

"ಒಳಗೆ ಬರೆದಿರೋದು?" ಮೀಸೆ ಕೇಳಿದ. ಎಲ್ಲರೂ ಅವನನ್ನು ಕರೆಯುವುದೇ ಹಾಗೆ. ಎಲ್ಲರಿಗಿಂತ ಹಳೆಯ ಮೆಕ್ಯಾನಿಕ್ ಅವನೇ ಈಗ.

"ಏನು ಬರೆದಿರೋದು?" ಮೇಡಂ.

ಮೆಕ್ಯಾನಿಕ್‌ಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆಮೇಲೆ ಮೀಸೆಯೇ ಬಿಡಿಸಿ ಹೇಳಿದ. "ಲಾಗ್‌ಬುಕ್ಕಲ್ಲಿ ಬರೆಯೋದು ಆಫೀಸಿಗೆ ಮೇಡಂ. ಬಾಗಿಲ ಒಳಗೆ ಬರೆಯೋದು ನಮ್ಮಲ್ಲಿ ಮುಂದೆ ಯಾರು ಬರ್ತಾರೋ ಅವರಿಗೆ."

ಮೇಡಂ ಅದನ್ನು ಬರೆದುಕೊಂಡರು. ನಕ್ಕಿರಲಿಲ್ಲ.

ಆ ಬಾಗಿಲುಗಳಲ್ಲಿ ಅರ್ಧಕ್ಕರ್ಧ ನಮ್ಮ ಅಣ್ಣನ ಅಕ್ಷರ. ಇಪ್ಪತ್ತೆರಡು ವರ್ಷ ಈ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದವನು. ತೀರಿಹೋಗಿ ಏಳು ತಿಂಗಳು. ಆ ಅಕ್ಷರ ಇನ್ನೂ ಅಲ್ಲಲ್ಲಿ ಇದೆ ಅಂತ ಇವತ್ತಿನವರೆಗೆ ನನಗೆ ಹೊಳೆದೇ ಇರಲಿಲ್ಲ.

ಮನೆಗೆ ಬಂದು ಅತ್ತಿಗೆಗೆ ಹೇಳಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಅವನ ಮಾತು ಎತ್ತದೆ ದಿನ ದಾಟಿಸುವುದನ್ನು ಇಬ್ಬರೂ ಚೆನ್ನಾಗಿ ಕಲಿತಿದ್ದೇವೆ.

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ 1.30

ಮೇಡಂ ಚಹಾ ಮಷೀನಿನ ಹತ್ತಿರ ಒಬ್ಬರೇ ನಿಂತಿದ್ದರು. ಎರಡು ಸಲ ಅತ್ತ ಹೋಗಿ ಇತ್ತ ಬಂದೆ. ಮೂರನೇ ಸಲ ಅವರೇ ಕೇಳಿದರು. "ಏನೋ ಹೇಳಬೇಕು ಅಂತಿದ್ದೀರಾ?"

ಬಾಗಿಲಲ್ಲಿ ಬರೆದದ್ದನ್ನು ಮೊಬೈಲಿಗೆ ಹಾಕಬಹುದಾ ಅಂದೆ.

"ಎಷ್ಟು ಬಾಗಿಲು?"

"ನೂರ ಎಂಬತ್ತಾರು."

"ಯಾರು ಟೈಪ್ ಮಾಡ್ತಾರೆ?"

"ನಾನಿದ್ದೀನಲ್ಲ."

ಬಾಯಿಂದ ಬಂದುಬಿಟ್ಟಿತು. ಹತ್ತನೇ ತರಗತಿ ಓದಿದವಳು, ಎರಡು ಬೆರಳಲ್ಲಿ ಟೈಪ್ ಮಾಡುವವಳು. ಮೇಡಂ ಯೋಚಿಸಿ ಹೇಳಿದರು — ಆ್ಯಪ್‌ನಲ್ಲಿ ಪ್ರತಿ ಲಿಫ್ಟಿಗೂ 'ಟಿಪ್ಪಣಿ' ಅಂತ ಒಂದು ಖಾನೆ ಮಾಡಿಸಿಕೊಡುತ್ತಾರೆ. ಬಣ್ಣ ಹೊಡೆಯುವ ಮುಂಚೆ ಮೆಕ್ಯಾನಿಕ್‌ಗಳು ಬಾಗಿಲಿನ ಫೋಟೋ ಕಳಿಸಬೇಕು, ನಾನು ಟೈಪ್ ಮಾಡಬೇಕು. ಮೇ 30ಕ್ಕೆ ಹೆಡ್ ಆಫೀಸಿನವರ ರಿವ್ಯೂ. ಉಪಯೋಗ ಕಂಡರೆ ಖಾನೆ ಉಳಿಯುತ್ತದೆ. ಇಲ್ಲದಿದ್ದರೆ ತೆಗೆದುಹಾಕುತ್ತಾರೆ, ಬರೀ ದೋಷದ ನಂಬರುಗಳು ಉಳಿಯುತ್ತವೆ. ಅಷ್ಟರಲ್ಲಿ ಬಾಗಿಲುಗಳಿಗೆ ಬಣ್ಣ ಬಿದ್ದಿರುತ್ತದೆ.

ಆ ಮೇಲೆ ಅಣ್ಣನ ಒಂದಕ್ಷರವೂ ಎಲ್ಲೂ ಇರುವುದಿಲ್ಲ. ಇದನ್ನು ಅವರು ಹೇಳಲಿಲ್ಲ.

ಮಾರ್ಚ್ 12, ಬುಧವಾರ

ಇವತ್ತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಆ್ಯಪ್ ಬಂದು ಒಂದು ವಾರ. ರಿಪೇರಿ ಮುಗಿದ ತಕ್ಷಣ ಅಲ್ಲೇ ನಿಂತು 'ಮುಗಿಯಿತು' ಗುಂಡಿ ಒತ್ತಬೇಕು. ಒತ್ತಿದ ಜಾಗ ಹೆಡ್ ಆಫೀಸಿನ ನಕ್ಷೆಯಲ್ಲಿ ಚುಕ್ಕೆಯಾಗಿ ಕಾಣುತ್ತದೆ. ನಮ್ಮವರು ಏನು ಮಾಡಿದ್ದಾರೆ — ದಿನವಿಡೀ ಕೆಲಸ ಮಾಡಿ, ಸಂಜೆ ಐದಕ್ಕೆ ಆಫೀಸಿನ ಎದುರಿನ ಚಹಾ ಅಂಗಡಿಯಲ್ಲಿ ಕೂತು ಒಟ್ಟಿಗೆ ಒತ್ತಿದ್ದಾರೆ. ಹೆಡ್ ಆಫೀಸಿನಿಂದ ಮೇಡಂಗೆ ಫೋನ್. "ನಿಮ್ಮ ಊರಲ್ಲಿ ನಲವತ್ಮೂರು ಲಿಫ್ಟ್ ಇರೋ ಕಟ್ಟಡ ಯಾವುದು?"

ಮೇಡಂ ಕಿಟಕಿಯಿಂದ ಕೆಳಗೆ ನೋಡಿದರು. ತಗಡಿನ ಮಾಡಿನ ಅಂಗಡಿ. ಹನ್ನೊಂದು ಜನ ಲೋಟ ಹಿಡಿದುಕೊಂಡು ತಲೆ ಬಗ್ಗಿಸಿ ಮೊಬೈಲ್ ಒತ್ತುತ್ತಿದ್ದಾರೆ.

ಬೈಯುತ್ತಾರೆ ಅಂದುಕೊಂಡೆ. ಇಳಿದುಹೋಗಿ ಅವರ ಪಕ್ಕ ಬೆಂಚಿನ ಮೇಲೆ ಕೂತರು. "ಅಲ್ಲೇ ಯಾಕೆ ಒತ್ತಲ್ಲ, ಹೇಳಿ." ಕೈ ತುಂಬ ಗ್ರೀಸ್ ಇರುತ್ತೆ ಮೇಡಂ, ಪರದೆ ಮುಟ್ಟಿದರೆ ಅದು ತಿಳ್ಕೊಳ್ಳಲ್ಲ ಅಂದರು ಒಬ್ಬರು. ಮಷೀನ್ ರೂಮಲ್ಲಿ ಸಿಗ್ನಲ್ ಸಿಗಲ್ಲ ಅಂದರು ಇನ್ನೊಬ್ಬರು. ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಗ್ರೀಸ್ ಕೈಗೂ ಕೇಳುವ ದೊಡ್ಡ ಗುಂಡಿ, ಸಿಗ್ನಲ್ ಬಂದ ಮೇಲೆ ತಾನೇ ಹೋಗುವ ಹಾಗೆ ಏರ್ಪಾಡು — ಎರಡೂ ಮಾಡಿಸುತ್ತಾರಂತೆ.

ಮಾರ್ಚ್ 20, ಗುರುವಾರ

ಫೋಟೋಗಳು ಬರಲು ಶುರುವಾಗಿವೆ. ದಿನಕ್ಕೆ ಮೂರು, ನಾಲ್ಕು. ಫೋನುಗಳ ನಡುವೆ ಟೈಪ್ ಮಾಡುತ್ತೇನೆ.

ಅಣ್ಣನ ಅಕ್ಷರ ದೂರದಿಂದಲೇ ಗೊತ್ತಾಗುತ್ತದೆ. ಎಲ್ಲವೂ ಬಲಕ್ಕೆ ವಾಲಿಕೊಂಡು, ಬಸ್ಸಿಗೆ ಓಡುವವರ ಹಾಗೆ.

'ಎರಡನೇ ಸ್ವಿಚ್ಚು ಗೊಣಗುತ್ತೆ. ಹೆದರಬೇಡಿ. ಅದರ ಸ್ವಭಾವ.'

'ಐದನೇ ಮಹಡಿಯಲ್ಲಿ ಕೂದಲೆಳೆ ಕೆಳಗೆ ನಿಲ್ಲುತ್ತೆ. ಸರಿಮಾಡಲು ಹೋದರೆ ಆರನೆಯದು ಮುನಿಸಿಕೊಳ್ಳುತ್ತೆ.'

'ರೂಮಿನ ಕೀಲಿ ವಾಚ್‌ಮನ್ ಹತ್ತಿರ ಇಲ್ಲ. ಮೂರನೇ ಮಹಡಿ ಟೀಚರ್ ಹತ್ತಿರ. ನಾಯಿ ಇದೆ. ಹೆಸರು ಹಿಡಿದು ಕರೆದರೆ ಸುಮ್ಮನಾಗುತ್ತೆ.' ನಾಯಿಯ ಹೆಸರೇನು ಅಂತ ಬರೆದಿಲ್ಲ.

ಮನೆಯಲ್ಲಿ ಅಣ್ಣ ಇಷ್ಟು ಮಾತಾಡಿದ್ದು ನೆನಪಿಲ್ಲ. ಉಪ್ಪು ಕಡಿಮೆಯಿದ್ದರೂ ಹೇಳುತ್ತಿರಲಿಲ್ಲ. ಎದ್ದುಹೋಗಿ ಹಾಕಿಕೊಂಡು ಬರುತ್ತಿದ್ದ.

ಏಪ್ರಿಲ್ 4, ಶುಕ್ರವಾರ

ಬಣ್ಣದವರು ಜೋರಾಗಿದ್ದಾರೆ. ವಾರಕ್ಕೆ ಇಪ್ಪತ್ತು ಬಾಗಿಲು. ನನ್ನಿಂದ ಹದಿನೈದಕ್ಕಿಂತ ಹೆಚ್ಚು ಆಗುತ್ತಿಲ್ಲ.

ಅದಕ್ಕೆ, ಇಲ್ಲಿಯವರೆಗೆ ಮಾಡುತ್ತಿದ್ದದ್ದನ್ನೇ ದಾರಿ ಮಾಡಿಕೊಂಡೆ. ಅಣ್ಣನದು ಇರುವ ಬಾಗಿಲಲ್ಲಿ ಅಣ್ಣನದನ್ನು ಮಾತ್ರ ಟೈಪ್ ಮಾಡುತ್ತೇನೆ. ಉಳಿದವರು ಬದುಕಿದ್ದಾರೆ, ಬೇಕಾದರೆ ಕೇಳಬಹುದು. ಅಣ್ಣನನ್ನು ಕೇಳಲು ಆಗುವುದಿಲ್ಲ.

ಸುಳ್ಳು ಬರೆಯುವುದಿಲ್ಲ. ಇನ್ನೊಂದು ಕಾರಣವೂ ಇದೆ. ಅವನ ಸಾಲುಗಳ ಕೆಳಗೆಲ್ಲ ಪೆನ್ಸಿಲಿನಲ್ಲಿ ಸಣ್ಣದಾಗಿ ಒಂದು ಅಕ್ಷರ ಇರುತ್ತದೆ. ಅದು ಮೀಸೆಯದು. ಓದುವ ಮನಸ್ಸಿಲ್ಲ. ಆರು ವರ್ಷದ ಹಿಂದೆ, ಹಗ್ಗ ತಪಾಸಣೆಗೆ ಮೇಲೆ ಹತ್ತದೆ ಮೀಸೆ ಸಹಿ ಹಾಕಿದ್ದಾನೆ ಅಂತ ಅಣ್ಣ ರಿಪೋರ್ಟ್ ಕೊಟ್ಟ. ಮೀಸೆಗೆ ಒಂದು ವಾರ ಸಸ್ಪೆನ್ಷನ್. ಅಲ್ಲಿಂದ ಇಬ್ಬರೂ ಒಂದು ಮಾತಾಡಲಿಲ್ಲ. ಒಂದೇ ಬೆಂಚಿನ ಆ ತುದಿ, ಈ ತುದಿ. ಅಣ್ಣ ಹೋದ ದಿನ ಎಲ್ಲರೂ ಬಂದರು. ಮೀಸೆ ಗೇಟಿನವರೆಗೆ ಬಂದು ನಿಂತು ಹಾಗೇ ಹೊರಟುಹೋದ. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಏಪ್ರಿಲ್ 22, ಮಂಗಳವಾರ

ನೂರಾ ಇಪ್ಪತ್ತು ಆಯಿತು. ಬೇರೆ ಕಂಪನಿಯಿಂದ ಒಬ್ಬರು ಮೆಕ್ಯಾನಿಕ್ ಸೇರಿದ್ದಾರೆ. ನಲವತ್ತರ ಆಸುಪಾಸು. ಎಲ್ಲರೂ 'ಹೊಸಬರು' ಅಂತಲೇ ಕರೆಯುತ್ತಾರೆ. ಅವರಿಗೆ ಇಲ್ಲಿನ ಒಂದು ಲಿಫ್ಟೂ ಗೊತ್ತಿಲ್ಲ, ಹಾಗಾಗಿ ಟಿಪ್ಪಣಿ ಓದದೆ ಸ್ಕ್ರೂ ಮುಟ್ಟುವುದಿಲ್ಲ. ಇವತ್ತು ಮೇಜಿನ ಹತ್ತಿರ ಬಂದು ಹೇಳಿದರು, "ಅಕ್ಕಾ, ನಿಮ್ಮ ಅಣ್ಣನವರು ಪಕ್ಕದಲ್ಲಿ ನಿಂತು ಹೇಳಿಕೊಟ್ಟ ಹಾಗೆ ಇರುತ್ತೆ."

ಹೌದಾ ಅಂದೆ. ಫೋನ್ ಬಂದ ಹಾಗೆ ಮಾಡಿ ಆ ಕಡೆ ತಿರುಗಿದೆ.

ಮೇ 8, ಗುರುವಾರ. ಸಂಜೆ 6

ನಡೆದ ಹಾಗೇ ಬರೆಯುತ್ತೇನೆ.

ಹನ್ನೊಂದೂಕಾಲಿಗೆ ಫೋನ್. ಎಂಟು ಮಹಡಿಯ ಮನೆಗಳ ಕಟ್ಟಡ. ಸಂಗೀತದ ಟೀಚರ್ ಒಬ್ಬರು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಾರೆ, ಒಳಗಿಂದ ಅವರೇ ಮಾಡಿದ್ದು. ನಾಲ್ಕನೇ ಮಹಡಿಗೆ ಒಂದಡಿ ಕೆಳಗೆ ನಿಂತಿದೆ. ಹೊಸಬರು ಹತ್ತಿರವೇ ಇದ್ದರು, ಹತ್ತು ನಿಮಿಷದಲ್ಲಿ ಮಷೀನ್ ರೂಮಿನಲ್ಲಿದ್ದರು. ಕರೆಂಟ್ ತೆಗೆದು, ಬ್ರೇಕ್ ಬಿಟ್ಟು, ಮೋಟರಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ ಒಂದಡಿ ಮೇಲೆತ್ತಬೇಕು. ಎರಡು ನಿಮಿಷದ ಕೆಲಸ.

ಟೀಚರ್ ಫೋನ್ ಇಡಲಿಲ್ಲ. "ನೀವು ಏನಾದ್ರೂ ಮಾತಾಡ್ತಾ ಇರಿ. ಸುಮ್ಮನಿದ್ದರೆ ಉಸಿರು ಕಟ್ಟುತ್ತೆ."

ನಾನು ಏನು ಮಾತಾಡಲಿ. ಲಿಫ್ಟ್ ಬೀಳುವುದಿಲ್ಲ, ಹಗ್ಗ ನಾಲ್ಕಿವೆ, ಒಂದೇ ಸಾಕು ತಡೆಯಲು, ಇದೆಲ್ಲ ನಮ್ಮ ಅಣ್ಣ ಹೇಳುತ್ತಿದ್ದ ಅಂದೆ. ಅಣ್ಣ ಏನು ಮಾಡ್ತಾರೆ ಅಂದರು. ಹೇಳಿದೆ. ಅವನು ಶೂ ಕಟ್ಟಿಕೊಳ್ಳಲು ಬಗ್ಗಿದವನು ಏಳಲಿಲ್ಲ ಅಂತಲೂ ಹೇಳಿದೆ. ಯಾರಿಗೂ ಹೇಳದ್ದನ್ನು ಮುಖ ಕಾಣದವರಿಗೆ ಹೇಳಿದೆ. ಟೀಚರ್ ಅತ್ತ ಕಡೆ ನಿಧಾನಕ್ಕೆ "ಹೇಳಿ, ಹೇಳಿ" ಅನ್ನುತ್ತಿದ್ದರು. ಅವರಿಗೆ ನಾನು ಧೈರ್ಯ ಹೇಳಬೇಕಾದವಳು.

ಆಗ ಇನ್ನೊಂದು ಫೋನಿನಲ್ಲಿ ಹೊಸಬರು. "ಅಕ್ಕಾ, ಬಲಕ್ಕೆ ತಿರುಗಿಸಿದರೆ ಮೇಲೆ ಅಂತ ಟಿಪ್ಪಣಿಯಲ್ಲಿದೆ. ನಾನು ತಿರುಗಿಸಿದಷ್ಟೂ ಕೆಳಗೆ ಹೋಗ್ತಿದೆ. ಮೋಟರ್ ಮೇಲಿನ ಬಾಣದ ಗುರುತು ಗ್ರೀಸಲ್ಲಿ ಅಳಿಸಿಹೋಗಿದೆ. ಈಗ ಎರಡು ಮಹಡಿ ಮಧ್ಯೆ ನಿಂತಿದೆ. ನಂಗೆ ಖಾತ್ರಿಯಿಲ್ಲ, ಇನ್ನು ಕೈ ಹಾಕಲ್ಲ. ಗೊತ್ತಿರೋರನ್ನ ಕಳಿಸಿ."

ಮೀಸೆಯನ್ನು ಕಳಿಸಿದೆ. ಊರ ಆಚೆ ಇದ್ದ. ಟೀಚರ್ ಹೊರಗೆ ಬರುವಾಗ ಹನ್ನೆರಡೂಕಾಲು. ಒಂದು ಗಂಟೆ. ಅಳುತ್ತಿದ್ದರಂತೆ, ಆದರೂ ಹೊಸಬರ ಕೈ ಕುಲುಕಿ ಹೋದರಂತೆ.

ಮೀಸೆ ನೇರ ನನ್ನ ಮೇಜಿಗೆ ಬಂದ. ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು.

"ಆ ಮೋಟರ್ ಅಕ್ಟೋಬರಲ್ಲಿ ಬದಲಾಯಿಸಿದ್ವಿ. ಚಕ್ರ ಉಲ್ಟಾ ಆಯ್ತು. ಬಾಗಿಲಲ್ಲಿ ಬರೆದಿದ್ದೆನಲ್ಲ ತಂಗಿ."

ಅವನು ಹೋದ ಮೇಲೆ ಫೋಟೋ ತೆರೆದೆ. ದೊಡ್ಡದು ಮಾಡಿ ನೋಡಿದೆ. ಅಣ್ಣನ ಸಾಲು — 'ಬಲಕ್ಕೆ ತಿರುಗಿಸಿದರೆ ಮೇಲೆ.' ಅದರ ಕೆಳಗೆ ಪೆನ್ಸಿಲಿನಲ್ಲಿ — 'ಮೋಟರ್ ಹೊಸದು. ಈಗ ಎಡಕ್ಕೆ ತಿರುಗಿಸಿದರೆ ಮೇಲೆ. ನೀನಿದ್ದಿದ್ದರೆ ಇದಕ್ಕೂ ಒಂದು ಮಾತು ಅಂತಿದ್ದೆ.'

ಬಾಗಿಲಿಗೆ ಬಣ್ಣ ಬಿದ್ದು ಮೂರು ವಾರ.

ಮೇ 9, ಶುಕ್ರವಾರ

ರಾತ್ರಿ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಮೇಡಂ ಬರುವುದನ್ನೇ ಕಾದೆ. ಹೇಳಿದೆ. ತಪ್ಪು ಅಣ್ಣನದಲ್ಲ, ಹೊಸಬರದಲ್ಲ, ನನ್ನದು. ಫೋಟೋ ತೋರಿಸಿದೆ.

"ಈ ಸಾಲು ಯಾಕೆ ಬಿಟ್ರಿ?"

"ಅಣ್ಣನ ಅಕ್ಷರ ಅಲ್ಲ ಅಂತ."

ಮೇಡಂ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಹೆಡ್ ಆಫೀಸಿನಿಂದ ಆಗಲೇ ಮೇಲ್ ಬಂದಿತ್ತು — ಟಿಪ್ಪಣಿ ಖಾನೆ ಅಪಾಯಕಾರಿ, ತಕ್ಷಣ ತೆಗೆಯಿರಿ.

"ಇದನ್ನ ರಿಪೋರ್ಟಲ್ಲಿ ನಾನು ಹೇಗೆ ಬರೀಲಿ, ನೀವೇ ಹೇಳಿ."

"ನಡೆದ ಹಾಗೇ ಬರೀರಿ ಮೇಡಂ."

"ಇನ್ನೆಷ್ಟು ಬಾಗಿಲಲ್ಲಿ ಹೀಗಾಗಿದೆ?"

ಗೊತ್ತಿಲ್ಲ ಅಂದೆ. ಗೊತ್ತಿರಲಿಲ್ಲ. ಮೇಡಂ ಅಲ್ಲೇ ಫೋನ್ ಮಾಡಿ ಮೂವತ್ತರವರೆಗೆ ಟೈಮ್ ಕೇಳಿದರು. ಎಲ್ಲ ಬಾಗಿಲೂ ಸರಿಯಾಗುವವರೆಗೆ ಖಾನೆ ಮುಚ್ಚಿರುತ್ತದೆ, ಅಳಿಸುವುದಿಲ್ಲ. ಆಮೇಲೆ ನನ್ನನ್ನೂ ಮೀಸೆಯನ್ನೂ ಒಟ್ಟಿಗೆ ಕೂರಿಸಿದರು. ಮೀಸೆ ಕುರ್ಚಿಯ ತುದಿಯಲ್ಲಿ, ಎದ್ದುಹೋಗುವವನ ಹಾಗೆ.

"ನೀವೆಲ್ಲ ಹಳೇದನ್ನ ಯಾಕೆ ಅಳಿಸ್ತಿರಲಿಲ್ಲ?" ಮೇಡಂ ಕೇಳಿದರು.

"ಅಳಿಸಿದರೆ ಮುಂಚೆ ಏನಿತ್ತು ಅಂತ ಹೇಗೆ ಗೊತ್ತಾಗುತ್ತೆ? ಕೆಳಗೆ ಬರೀತಾ ಹೋಗೋದು. ಎಲ್ಲಕ್ಕಿಂತ ಕೆಳಗಿರೋದೇ ಹೊಸದು. ನಾವು ಬಾಗಿಲು ಓದೋದೇ ಕೆಳಗಿಂದ ಮೇಲಕ್ಕೆ."

ಹದಿನಾರು ವರ್ಷ ಈ ಕಂಪನಿಯಲ್ಲಿದ್ದೇನೆ. ಒಂದು ಪ್ಯಾನೆಲ್ ಬಾಗಿಲ ಮುಂದೆಯೂ ನಿಂತವಳಲ್ಲ. ನಾನು ಪ್ರತಿಯೊಂದನ್ನೂ ಮೇಲಿಂದ ಓದಿದ್ದೆ. ಅಣ್ಣ ಸಿಕ್ಕಿದ ಕೂಡಲೇ ನಿಲ್ಲಿಸಿದ್ದೆ.

ಮೇಡಂ ಬರೆದುಕೊಂಡರು. ಹೊಸದು ಮೇಲೆ ಕಾಣಬೇಕು. ಬರೆದವರು ಯಾರು, ಯಾವತ್ತು — ಅದು ಬೇಕು. ಪ್ರತಿ ಸಲ ಹೋದ ಮೆಕ್ಯಾನಿಕ್ 'ಈಗಲೂ ಸರಿ' ಅಥವಾ 'ಬದಲಾಗಿದೆ' ಒತ್ತಬೇಕು. ಬದಲಾದದ್ದು ಅಳಿಸುವುದಿಲ್ಲ, ಕೆಳಗೆ ಹೋಗುತ್ತದೆ.

ಮೇ 14, ಬುಧವಾರ

ಮೊದಲಿನಿಂದ ಶುರು. ನೂರ ಎಂಬತ್ತಾರು ಫೋಟೋ. ಎಲ್ಲರ ಕೈಬರಹ. ಮ್ಯಾನೇಜರ್ ಮಧ್ಯಾಹ್ನದ ಹೊತ್ತು ಫೋನುಗಳನ್ನು ತಾವೇ ತೆಗೆದುಕೊಳ್ಳುತ್ತಿದ್ದಾರೆ. ಅವರ ಧ್ವನಿ ಕೇಳಿ ಎಷ್ಟೋ ಜನ ಲಿಫ್ಟ್ ಸರಿಯಿದೆ ಅಂತ ಇಟ್ಟುಬಿಡುತ್ತಾರಂತೆ.

ನಾಯಿಯ ಬಾಗಿಲು. ಅಣ್ಣನ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ — 'ನಾಯಿಯ ಹೆಸರು ರಾಜ. ಬರೆಯಲು ಮರೆತ ಮಹಾನುಭಾವರಿಗೆ ಧನ್ಯವಾದ. ಪ್ಯಾಂಟ್ ಹರಿಯಿತು.' ಅದರ ಕೆಳಗೆ ಮತ್ತೆ ಅಣ್ಣ — 'ಪ್ಯಾಂಟ್ ಹಳೆಯದಿತ್ತು.'

ಇನ್ನೊಂದು ಬಾಗಿಲು. ಅಣ್ಣ — 'ಯಾರೋ ಪಂಡಿತರು ಸ್ಪ್ರಿಂಗ್ ಉಲ್ಟಾ ಹಾಕಿದ್ದಾರೆ.' ಮೀಸೆ — 'ಪಂಡಿತ ಮತ್ತೆ ಬಂದು ನೋಡಿದ. ಉಲ್ಟಾ ಅಲ್ಲ. ಕನ್ನಡಕ ಬದಲಿಸಿ.' ಅಣ್ಣ, ಒಂದು ತಿಂಗಳ ನಂತರ — 'ಬದಲಿಸಿದೆ. ಉಲ್ಟಾ ಅಲ್ಲ.'

ಆರು ವರ್ಷ ಬೆಂಚಿನಲ್ಲಿ ಒಂದು ಮಾತಿಲ್ಲ. ಊರಿನ ಎಲ್ಲ ಮಹಡಿಗಳ ಮೇಲೂ ಇಬ್ಬರೂ ಮಾತಾಡುತ್ತಲೇ ಇದ್ದರು. ನಾನು ಅಣ್ಣನ ಮಾತು ಉಳಿಸುತ್ತೇನೆ ಅಂತ ಹೊರಟು ಅರ್ಧವನ್ನೇ ಬಿಟ್ಟಿದ್ದೆ.

ಮೇ 16, ಶುಕ್ರವಾರ

ಇವತ್ತು ಸಿಕ್ಕಿದ್ದನ್ನು ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದೆ. ಈಗ ಬರೆಯುತ್ತೇನೆ.

ಹಳೆಯ ಗೋದಾಮಿನ ಕಟ್ಟಡ. ಮಷೀನ್ ರೂಮಿಗೆ ಏಳು ಮಹಡಿಯಾದ ಮೇಲೂ ಕಬ್ಬಿಣದ ಏಣಿ. ಅಣ್ಣ, ಹೋದ ವರ್ಷ ಜೂನ್ — 'ಏಣಿ ಕಷ್ಟ. ಹತ್ತಿದ ಮೇಲೆ ಹತ್ತು ನಿಮಿಷ ಕೂರಬೇಕಾಗುತ್ತೆ.' ಇದನ್ನು ಮಾರ್ಚಿನಲ್ಲೇ ಟೈಪ್ ಮಾಡಿದ್ದೆ. ಏಣಿಯ ಬಗ್ಗೆ ಅಂದುಕೊಂಡಿದ್ದೆ.

ಕೆಳಗೆ ಪೆನ್ಸಿಲ್ — 'ಏಣಿ ಮುಂಚಿನಷ್ಟೇ ಇದೆ. ಡಾಕ್ಟರಿಗೆ ತೋರಿಸು. ಇವತ್ತಿಂದ ಈ ಕಟ್ಟಡ ನಂದು. ನೀನು ಬರಬೇಡ.'

ಅಣ್ಣ — 'ತೋರಿಸಿದೆ. ಮಾತ್ರೆ ಕೊಟ್ಟಿದ್ದಾರೆ. ಮನೆಯಲ್ಲಿ ಗೊತ್ತಿಲ್ಲ. ಹೇಳಬೇಡ.'

ಸಂಜೆ ಮೀಸೆಯಣ್ಣ ಟೂಲ್ ಬ್ಯಾಗ್ ಇಡಲು ಬಂದಾಗ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ತಮ್ಮದೇ ಅಕ್ಷರವನ್ನು ಓದಿದರು.

"ಹೇಳಬೇಕಿತ್ತೇನೋ ನಿಮಗೆ. ಅವನು ಬೇಡ ಅಂದಿದ್ದ. ಬೇಡ ಅಂತ ಬಾಯಲ್ಲಿ ಹೇಳಿರಲಿಲ್ಲ, ಬರೆದಿದ್ದ. ಅದಕ್ಕೇ ಮೀರೋಕೆ ಆಗಲಿಲ್ಲ."

"ಅವತ್ತು ಗೇಟಿನಿಂದ ಒಳಗೆ ಯಾಕೆ ಬರಲಿಲ್ಲ?"

"ಬಂದರೆ ಏನಾದ್ರೂ ಮಾತಾಡಬೇಕಲ್ಲ ತಂಗಿ. ಅವನ ಮುಂದೆ ಮಾತಾಡಿ ಆರು ವರ್ಷ ಆಗಿತ್ತು. ಪೆನ್ಸಿಲ್ ಜೇಬಲ್ಲೇ ಇತ್ತು, ಏನ್ ಮಾಡಲಿ."

ನಕ್ಕರೋ ಅತ್ತರೋ ಗೊತ್ತಾಗಲಿಲ್ಲ. ಮೀಸೆ ದಪ್ಪ.

ಮೇ 18, ಭಾನುವಾರ

ಅತ್ತಿಗೆಗೆ ಹೇಳಿಬಿಟ್ಟೆ. ಬಟ್ಟೆ ಮಡಚುತ್ತಿದ್ದರು. ಅಣ್ಣನಿಗೆ ಎದೆಯ ತೊಂದರೆ ಗೊತ್ತಿತ್ತು, ಮಾತ್ರೆ ತಗೊಳ್ಳುತ್ತಿದ್ದ ಅಂದೆ. ಮಡಚುವುದನ್ನು ನಿಲ್ಲಿಸಲಿಲ್ಲ.

"ನಂಗೆ ಗೊತ್ತಿತ್ತು ಕಣೆ. ಟೂಲ್ ಬ್ಯಾಗಲ್ಲಿ ಮಾತ್ರೆ ನೋಡಿದ್ದೆ. ನಿಂಗೆ ಗೊತ್ತಾದರೆ ಹೆದರ್ತೀಯ ಅಂತ ಸುಮ್ಮನಿದ್ದೆ. ನಾನು ಜೋರು ಮಾಡಿದ್ದರೆ..."

ಆ ಮಾತು ಅಲ್ಲೇ ನಿಂತಿತು. ನಾನೂ ಎಷ್ಟೋ ಸಲ ಅದೇ ಮಾತನ್ನು ಅಲ್ಲೇ ನಿಲ್ಲಿಸಿದ್ದೇನೆ. ಒಂದೇ ಮನೆಯಲ್ಲಿ ಮೂವರು, ಮೂವರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಓಡಾಡಿದ್ದೆವು.

ಮೊಬೈಲ್ ತಂದು ಕನ್ನಡಕದ ಬಾಗಿಲನ್ನು ಓದಿ ಹೇಳಿದೆ. ಅತ್ತಿಗೆ ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲೇ. "ಅದಕ್ಕಾ," ಅಂದರು. "ಎರಡು ವರ್ಷ ಗೋಗರೆದಿದ್ದೀನಿ ನಂಬರ್ ಚೆಕ್ ಮಾಡಿಸ್ಕೋ ಅಂತ. ಒಂದು ದಿನ ತಾನಾಗೇ ಅಂಗಡಿಗೆ ಬಂದು ಕೂತ. ನನ್ನ ಮಾತಿಗೆ ಬೆಲೆ ಬಂತು ಅಂದುಕೊಂಡಿದ್ದೆ."

ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕರು. ಮಡಚಿದ್ದ ಬಟ್ಟೆಯೆಲ್ಲ ಮತ್ತೆ ಕೆದರಿತು. ಸಂಜೆಯವರೆಗೆ ಓದಿಸಿದರು.

ಮೇ 27, ಮಂಗಳವಾರ

ನೂರ ಎಂಬತ್ತಾರೂ ಮುಗಿಯಿತು. ಒಟ್ಟು ಒಂಬತ್ತು ಕಡೆ ಅಣ್ಣನ ಮಾತು ಹಳೆಯದಾಗಿತ್ತು, ನಾನು ಹೊಸದನ್ನು ಬಿಟ್ಟಿದ್ದೆ. ಹೊಸಬರೂ ಮೀಸೆಯಣ್ಣನೂ ಒಂಬತ್ತೂ ಕಡೆ ಹೋಗಿ ನೋಡಿಬಂದರು.

'ಬದಲಾಗಿದೆ' ಅಂತ ಮೆಕ್ಯಾನಿಕ್ಕೇ ಒತ್ತಬೇಕು. ಆದರೆ ಎಂಟು ಮಹಡಿಯ ಕಟ್ಟಡದ್ದನ್ನು ನಾನು ಒತ್ತುತ್ತೇನೆ ಅಂದೆ. ಹೊಸಬರು ತಮ್ಮ ಮೊಬೈಲನ್ನೇ ಕೊಟ್ಟರು. ಅಣ್ಣನ ಸಾಲು ಪರದೆಯ ಮೇಲಿತ್ತು. 'ಬಲಕ್ಕೆ ತಿರುಗಿಸಿದರೆ ಮೇಲೆ.' ಅವನು ಬರೆದ ದಿನ ಅದು ಸರಿಯಾಗಿಯೇ ಇತ್ತು.

ಒತ್ತಿದೆ. ಸಾಲು ಮೆಲ್ಲಗೆ ಕೆಳಗೆ ಸರಿಯಿತು. ಮೀಸೆಯಣ್ಣನದು ಮೇಲೆ ಬಂತು. ಕೆಳಗೆ ಹೋದದ್ದು ಕಾಣುತ್ತಲೇ ಇತ್ತು.

ಮೇ 30, ಶುಕ್ರವಾರ

ರಿವ್ಯೂ. ಪರದೆಯ ಮೇಲೆ ಹೆಡ್ ಆಫೀಸಿನ ಆರು ಮುಖಗಳು. ಮೇಡಂ ಎಲ್ಲವನ್ನೂ ಹೇಳಿದರು, ಲಿಫ್ಟಿನಲ್ಲಿ ಒಂದು ಗಂಟೆ ಕಳೆದ ಟೀಚರ್ ಬಗ್ಗೆಯೂ.

"ಆ ಮೆಕ್ಯಾನಿಕ್ ಈಗಲೂ ಇದನ್ನ ಓದ್ತಾರಾ?" ಒಬ್ಬ ದೊಡ್ಡ ಸಾಹೇಬರು ಕೇಳಿದರು.

ಹೊಸಬರು ಎದ್ದು ನಿಂತರು. "ನಾನೇ ಸರ್ ಅದು. ಓದ್ತೀನಿ. ಅವತ್ತು ಖಾನೆ ಇದ್ದದ್ದರಿಂದ ತೊಂದರೆ ಆಗಲಿಲ್ಲ, ಅರ್ಧ ಇದ್ದದ್ದರಿಂದ ಆಯ್ತು. ಈಗ ಪೂರ್ತಿ ಇದೆ. ಮೊನ್ನೆ ಬ್ಯಾಂಕಲ್ಲಿ ಎರಡು ದಿನದ ಕೆಲಸ ಇಪ್ಪತ್ತು ನಿಮಿಷದಲ್ಲಿ ಆಯ್ತು. ಯಾರೋ ಹನ್ನೆರಡು ವರ್ಷದ ಹಿಂದೆ ಬರೆದಿಟ್ಟಿದ್ದರು."

"ಯಾರೋ ಏನು, ನಾನೇ," ಹಿಂದಿನಿಂದ ಮೀಸೆಯಣ್ಣ. ಪರದೆಯಲ್ಲಿದ್ದವರೂ ನಕ್ಕರು.

ನನ್ನನ್ನೂ ಏನಾದರೂ ಹೇಳಿ ಅಂದರು. ಎದ್ದು ನಿಂತೆ. "ಬರೆಯೋರು ಇದ್ದಾಗಲೇ ಇದು ಉಪಯೋಗ ಸರ್. ಬರೀ ಕಾಪಾಡಿ ಇಟ್ಟರೆ ಕೆಡುತ್ತೆ. ನಾನು ಹಾಗೆ ಮಾಡಿ ಕೆಡಿಸಿದ್ದೆ." ಅಷ್ಟೇ ಹೇಳಿ ಕೂತೆ.

ಖಾನೆ ಉಳಿಯಿತು. ಎಲ್ಲ ಬ್ರಾಂಚಿಗೂ ಬರುತ್ತದಂತೆ. ಟೆಲಿಫೋನ್ ಮೇಜು ಮಾತ್ರ ಜುಲೈಗೆ ಮುಚ್ಚುತ್ತದೆ, ಫೋನುಗಳೆಲ್ಲ ಹೆಡ್ ಆಫೀಸಿಗೆ. ನನಗೆ ಟಿಪ್ಪಣಿಗಳ ಕೆಲಸ. ವಾರಕ್ಕೆ ಎರಡು ದಿನ ಸ್ವತಃ ಹೋಗಿ ಲಿಫ್ಟ್ ನೋಡಬೇಕು. ನಲವತ್ತಾರನೇ ವಯಸ್ಸಿನಲ್ಲಿ ಸೇಫ್ಟಿ ಶೂ ಅಳತೆ ಕೊಟ್ಟೆ.

ಜೂನ್ 11, ಬುಧವಾರ. ಬೆಳಿಗ್ಗೆ 9.40

ಲೈಬ್ರರಿಯ ಕಟ್ಟಡ, ನಾಲ್ಕನೇ ಮಹಡಿ. ಲಿಫ್ಟ್ ಎದುರಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹೊಸ ಶೂ ಕಚ್ಚುತ್ತಿದೆ.

ಈ ಲಿಫ್ಟಿನ ಬಗ್ಗೆ ಅಣ್ಣನ ಟಿಪ್ಪಣಿ — 'ನಾಲ್ಕನೇ ಮಹಡಿ ಬಾಗಿಲು ಬೆಳಿಗ್ಗೆ ಅಂಟುತ್ತೆ. ಬಿಸಿಲೇರಿದ ಮೇಲೆ ಸರಿಹೋಗುತ್ತೆ.' ಮೊನ್ನೆ ಮೀಸೆಯಣ್ಣ 'ಬದಲಾಗಿದೆ' ಒತ್ತಿ ಬರೆದಿದ್ದಾರೆ — 'ಬಿಸಿಲೂ ಇಲ್ಲ ಗಿಸಿಲೂ ಇಲ್ಲ. ಬಾಗಿಲು ಜಾರುವ ಕಾಲುವೆಯಲ್ಲಿ ಕಸ. ಗುಡಿಸಿ.' ನಿನ್ನೆ ಹೊಸಬರು ಗುಡಿಸಿದ್ದಾರೆ. ಇವತ್ತೂ ಅಂಟಿದೆ ಅಂತ ದೂರು.

ಎಂಟೂವರೆಯಿಂದ ಕೂತಿದ್ದೇನೆ. ಸುಮ್ಮನೆ ನೋಡುತ್ತಾ ಕೂರುವುದು ನನಗೆ ಬರುವ ಕೆಲಸ. ಲೈಬ್ರರಿಯ ಆಯಾ ನೆಲ ಒರೆಸುತ್ತಾ ಬಂದರು. ಬಕೆಟ್ಟನ್ನು ಲಿಫ್ಟ್ ಬಾಗಿಲ ಹತ್ತಿರವೇ ಇಟ್ಟು ಬಟ್ಟೆ ಹಿಂಡಿದರು. ನೀರು ಹರಿದು ಸೀದಾ ಕಾಲುವೆಗೆ.

"ದಿನಾ ಇಲ್ಲೇ ಹಿಂಡ್ತೀರಾ ಅಕ್ಕಾ?"

"ಹನ್ನೆರಡು ವರ್ಷದಿಂದ ಇಲ್ಲೇ. ಯಾಕೆ, ಏನಾಯ್ತು?"

ಆಗಲೇ ಬಾಗಿಲು ಅಂಟಿತು. ಈಗ ಕಾಲುವೆ ಒಣಗುತ್ತಿದೆ. ಬಿಸಿಲಿಗೂ ಪಾಲಿದೆ, ಕಸಕ್ಕೂ ಪಾಲಿದೆ.

ಮೊಬೈಲ್ ತೆಗೆದೆ. ನನ್ನ ಹೆಸರಿನಲ್ಲಿ ಮೊದಲ ಟಿಪ್ಪಣಿ. ಅಣ್ಣನದರ ಮೇಲೆ, ಮೀಸೆಯಣ್ಣನದರ ಮೇಲೆ ಬರುತ್ತದೆ. ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ತಪ್ಪಾಗಬಾರದು.

'ಇಬ್ಬರೂ ಅರ್ಧ ಸರಿ. ಬೆಳಿಗ್ಗೆ ನೆಲ ಒರೆಸುವ ನೀರು ಕಾಲುವೆಗೆ ಇಳಿಯುತ್ತೆ. ಕಸದ ಜೊತೆ ಸೇರಿ'

ಲಿಫ್ಟ್ ಬರುತ್ತಿದೆ. ಮೂರು. ಬಾಗಿಲು ತೆರೆಯುತ್ತದೋ ನೋಡಿ ಮುಂದೆ